ಪೆಟ್ಟಿಗೆಯೊಳಗಿನ ಚಿತ್ರಗಳು ಯಾರವು?

ನಿಮ್ಮ ಮನೆಯಲ್ಲಿರುವ ಹಳೆಯ ಪ್ರಾರ್ಥನೆ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಪುಟಗಳ ನಡುವೆ ಒಂದೆರಡು ಸಣ್ಣ ಚಿತ್ರಪಟಗಳಾದರೂ ಸಿಗುತ್ತವೆ. ಒಂದು, ಮೊದಲ ಪರಮಪ್ರಸಾದದ ದಿನ ಕೊಟ್ಟದ್ದು. ಇನ್ನೊಂದು, ಯಾರದೋ ಗುರುದೀಕ್ಷೆಯ ನೆನಪಿಗೆ ಹಂಚಿದ್ದು. ಮತ್ತೊಂದರ ಹಿಂಬದಿಯಲ್ಲಿ ತೀರಿಹೋದ ಅಜ್ಜಿಯ ಹೆಸರು ಅಚ್ಚಾಗಿರುತ್ತದೆ. ಯಾರೂ ಅವನ್ನು ಎಸೆಯುವುದಿಲ್ಲ. ಹಾಗೆ ನೋಡಿದರೆ ಚಿತ್ರಗಳನ್ನು ಕೂಡಿಡುವ ಅಭ್ಯಾಸ ನಮಗೆಲ್ಲ ಸ್ವಲ್ಪ ಸ್ವಲ್ಪ ಇದ್ದೇ ಇದೆ.

ಆದರೆ ಹೀಗೆ ಕೂಡಿಡುವುದು ಯಾವಾಗ ಒಳ್ಳೆಯದು, ಯಾವಾಗ ತಪ್ಪು? ಈ ಪ್ರಶ್ನೆಯನ್ನು ನಾನು ಸೆಮಿನರಿಯಲ್ಲಿ ಓದಿದ ಪುಸ್ತಕಗಳಲ್ಲಿ ಎದುರಿಸಲಿಲ್ಲ. ಅದು ಎದುರಾದದ್ದು ಹರಿಹರ ತಾಲ್ಲೂಕಿನ ನಂದಿಗುಡಿಯಲ್ಲಿ, ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಮನೆಯಲ್ಲಿ.

ಮೇಷ್ಟ್ರು ನಮ್ಮ ಸಭೆಯವರಲ್ಲ, ಲಿಂಗಾಯತರು. ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಎಲ್ಲ ಜಾತಿ ಧರ್ಮದವರೂ ಬರುವುದು ನಿಮಗೆ ಗೊತ್ತೇ ಇದೆ. ಒಂದು ಸೆಪ್ಟೆಂಬರ್ 8ರಂದು ಆ ಜನಸಂದಣಿಯಲ್ಲಿ ಅವರು ನನ್ನ ಹತ್ತಿರ ಬಂದು, ಮಡಿಸಿಟ್ಟಿದ್ದ ಒಂದು ಜೆರಾಕ್ಸ್ ಹಾಳೆ ಬಿಡಿಸಿ ತೋರಿಸಿದರು. ಯೇಸುಸ್ವಾಮಿ ಮೊಣಕಾಲೂರಿ ಪೇತ್ರನ ಪಾದ ತೊಳೆಯುತ್ತಿರುವ ಕಪ್ಪು ಬಿಳುಪಿನ ಚಿತ್ರ.

"ಫಾದರ್, ನಮ್ಮಲ್ಲಿ ಶಿಷ್ಯರು ಗುರುಗಳ ಪಾದ ತೊಳೀತಾರೆ. ಇಲ್ಲಿ ಗುರುಗಳೇ ಬಗ್ಗಿದಾರಲ್ರೀ, ಯಾಕೆ?" ಎಂದು ಕೇಳಿದರು.

ಅಷ್ಟು ವರ್ಷ ಪವಿತ್ರ ಗುರುವಾರದ ಪ್ರಸಂಗ ಮಾಡಿದ್ದೇನೆ. ಅಷ್ಟು ನೇರವಾದ ಪ್ರಶ್ನೆಯನ್ನು ನಮ್ಮವರು ಯಾರೂ ಕೇಳಿರಲಿಲ್ಲ. ಆ ಚಿತ್ರ ಎಲ್ಲಿಯದು ಎಂದು ನಾನು ವಿಚಾರಿಸಿದಾಗ, "ನಮ್ಮನೆಗೆ ಬರ್ರಿ, ತೋರಿಸ್ತೀನಿ" ಎಂದರು.

ಹೋದೆ. ಭದ್ರಾ ನಾಲೆಯ ನೀರಿನ ಗದ್ದೆಗಳ ನಡುವಿನ ಊರು. ಹಳೆಯ ಹೆಂಚಿನ ಮನೆ. ಒಳಕೋಣೆಯಲ್ಲಿ ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆ. ಅದರೊಳಗೆ ಹಳೆಯ ಪಂಚೆಗಳಲ್ಲಿ ಸುತ್ತಿಟ್ಟ ಹನ್ನೊಂದು ದೊಡ್ಡ ಪುಸ್ತಕಗಳು. ಸುಮಾರು ಐನೂರು ವರ್ಷಗಳ ಹಿಂದೆ ಯೂರೋಪಿನಲ್ಲಿ ಮರದ ಹಲಗೆಯ ಮೇಲೂ ತಾಮ್ರದ ತಗಡಿನ ಮೇಲೂ ಕೆತ್ತಿ ಅಚ್ಚೊತ್ತಿದ ಚಿತ್ರಗಳನ್ನು ನಮ್ಮ ಕಾಲದಲ್ಲಿ ದಪ್ಪ ಕಾಗದದ ಮೇಲೆ ಬಹಳ ಮುತುವರ್ಜಿಯಿಂದ ಮರುಮುದ್ರಿಸಿದ ಪುಸ್ತಕಗಳವು. ಒಂದೆರಡರ ಕೊನೆಯ ಪುಟದಲ್ಲಿ ಪ್ರತಿಯ ಸಂಖ್ಯೆಯನ್ನು ಕೈಯಲ್ಲಿ ಬರೆದಿತ್ತು. ಮೂವತ್ತು ವರ್ಷಗಳ ಕಾಲ ಬೆಂಗಳೂರಿಗೆ ಹೋದಾಗಲೆಲ್ಲ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ, ಕೆಲವನ್ನು ಅಂಚೆಯಲ್ಲಿ ತರಿಸಿ ಅವರು ಕೂಡಿಸಿದ್ದರು.

ಮರದ ಅಚ್ಚಿಗೂ ತಾಮ್ರದ ಅಚ್ಚಿಗೂ ಇರುವ ವ್ಯತ್ಯಾಸವನ್ನು ಅಂದು ಮೇಷ್ಟ್ರೇ ನನಗೆ ತಿಳಿಸಿದರು. ಮರದ ಅಚ್ಚು ನಮ್ಮ ಪಂಚಾಯಿತಿ ಕಚೇರಿಯ ರಬ್ಬರ್ ಸ್ಟಾಂಪಿನ ಹಾಗೆ. ಬೇಡದ ಜಾಗವನ್ನು ಕೆತ್ತಿ ತೆಗೆಯುತ್ತಾರೆ. ಉಬ್ಬಿ ಉಳಿದ ಗೆರೆಗೆ ಮಸಿ ಹತ್ತುತ್ತದೆ, ಅದೇ ಕಾಗದದ ಮೇಲೆ ಮೂಡುತ್ತದೆ. ತಾಮ್ರದ್ದು ಇದಕ್ಕೆ ತಿರುಗುಮುರುಗು. ಮದುವೆಗೆ ಕೊಡುವ ಸ್ಟೀಲ್ ಪಾತ್ರೆಯ ಮೇಲೆ ಹೆಸರು ಕೊರೆಸುತ್ತೀರಲ್ಲ, ಹಾಗೆ ತಗಡಿನ ಮೇಲೆ ಗೆರೆಗಳನ್ನು ಕೊರೆಯುತ್ತಾರೆ. ಮಸಿ ಆ ಗೀರಿನೊಳಗೆ ನಿಲ್ಲುತ್ತದೆ. ಒದ್ದೆ ಕಾಗದವನ್ನು ಮೇಲಿಟ್ಟು ಬಲವಾಗಿ ಒತ್ತಿದಾಗ ಕಾಗದ ಆ ಮಸಿಯನ್ನು ಎಳೆದುಕೊಳ್ಳುತ್ತದೆ. ಎರಡರ ಉದ್ದೇಶವೂ ಒಂದೇ: ಒಂದು ಚಿತ್ರ ಒಬ್ಬನ ಗೋಡೆಯ ಮೇಲೆ ಮಾತ್ರ ಇರದೆ ನೂರಾರು ಜನರ ಕೈಗೆ ಹೋಗಬೇಕು.

ಪ್ರಿಯರೇ, ಇದು ಬಹಳ ಮುಖ್ಯವಾದ ಸಂಗತಿ. ಈ ಕಲೆ ಹುಟ್ಟಿದ್ದೇ ಅಗ್ಗವಾಗಿ ಹಂಚುವುದಕ್ಕೆ. ಇಸವಿ ನಮೂದಾಗಿರುವ ಅತ್ಯಂತ ಹಳೆಯ ಯೂರೋಪಿನ ಮರದಚ್ಚಿನ ಚಿತ್ರಗಳಲ್ಲಿ ಒಂದು ಸಂತ ಕ್ರಿಸ್ಟೋಫರರದು. ಅದರ ಮೇಲಿರುವ ಇಸವಿ 1423. ಯಾರೋ ಅದನ್ನು ಒಂದು ಹಸ್ತಪ್ರತಿಯ ರಟ್ಟಿನ ಒಳಬದಿಗೆ ಅಂಟಿಸಿದ್ದರಿಂದ ಅದು ಉಳಿಯಿತು. ಈಗ ಮ್ಯಾಂಚೆಸ್ಟರ್ ನಗರದ ಗ್ರಂಥಾಲಯವೊಂದರಲ್ಲಿದೆ. ನಿಮ್ಮ ಪ್ರಾರ್ಥನೆ ಪುಸ್ತಕದಲ್ಲಿರುವ ಚಿತ್ರಪಟದ ಮುತ್ತಜ್ಜ ಅದು ಎನ್ನಬಹುದು.

ಮೇಷ್ಟ್ರಿಗೆ ಅತಿ ಪ್ರಿಯನಾದ ಕಲಾವಿದ ಜರ್ಮನಿಯ ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್. ಅವನ ಕಾಲ 1471ರಿಂದ 1528. ಅಕ್ಕಸಾಲಿಗನ ಮಗ. 1498ರಲ್ಲಿ ಪ್ರಕಟನಾ ಗ್ರಂಥದ ದರ್ಶನಗಳನ್ನು 15 ಮರದಚ್ಚುಗಳಲ್ಲಿ ಚಿತ್ರಿಸಿ ತಾನೇ ಪ್ರಕಟಿಸಿದ. 1511ರಲ್ಲಿ ಯೇಸುವಿನ ಪಾಡುಗಳ ಒಂದು ಚಿಕ್ಕ ಪುಸ್ತಕ ತಂದ. ಅದರಲ್ಲಿ 37 ಚಿತ್ರಗಳು, ಒಂದೊಂದೂ ಅಂಗೈಯಷ್ಟು. ಆದಾಮ ಹವ್ವೆಯರ ಪತನದಿಂದ ತೊಡಗಿ ಕೊನೆಯ ತೀರ್ಪಿನವರೆಗೆ. ಮೇಷ್ಟ್ರು ನನಗೆ ತೋರಿಸಿದ ಪಾದ ತೊಳೆಯುವ ಚಿತ್ರ ಇದರಲ್ಲಿಯದೇ. ಇವನ್ನು ಮಾರಲು ಡ್ಯೂರರನ ಹೆಂಡತಿ ಅಗ್ನೆಸ್ ಜಾತ್ರೆ ಸಂತೆಗಳಿಗೆ ಹೋಗುತ್ತಿದ್ದಳು. ಮುದಿ ತಾಯಿಯೂ ಕುಳಿತು ಮಾರಿದ್ದುಂಟು. 1520-21ರಲ್ಲಿ ನೆದರ್ಲೆಂಡ್ಸ್ ಕಡೆಗೆ ಪ್ರಯಾಣ ಮಾಡಿದಾಗ ಅವನು ಬರೆದ ದಿನಚರಿ ಉಳಿದಿದೆ. ಈ ಚಿಕ್ಕ ಪಾಡುಗಳ 16 ಪ್ರತಿಗಳನ್ನು ಒಬ್ಬ ಗಿರಾಕಿಗೆ 4 ಫ್ಲಾರಿನ್‌ಗೆ ಕೊಟ್ಟ ಲೆಕ್ಕ ಅದರಲ್ಲಿದೆ. ಅಂದರೆ ಒಂದು ನಾಣ್ಯಕ್ಕೆ ನಾಲ್ಕು ಪುಸ್ತಕ. ಊಟ ಹಾಕಿದವರಿಗೆ, ಆದರಿಸಿದವರಿಗೆ ಸುಮ್ಮನೆ ಕೊಟ್ಟ ಚಿತ್ರಗಳ ಪಟ್ಟಿಯೂ ಉದ್ದವಾಗಿದೆ.

ಹೀಗೆ ಸಂತೆಯಲ್ಲಿ ಮಾರಿದ ಚಿತ್ರ ಇಂದು ಶ್ರೀಮಂತರ ಕಪಾಟಿಗೆ ಸೇರಿದ್ದು ಹೇಗೆ? ಕಾಲ ಕಳೆದಂತೆ ಪ್ರತಿಗಳು ಹರಿದು, ಸುಟ್ಟು, ಕಳೆದುಹೋಗಿ ಉಳಿದವು ಅಪರೂಪವಾದವು. ಅಪರೂಪವಾದದ್ದಕ್ಕೆ ಬೆಲೆ ಬಂತು. ಆಮೇಲೆ ಅಂಥ ಪುಸ್ತಕಗಳನ್ನು ಕೈಯಿಂದಲೇ ಮತ್ತೆ ಮಾಡಬೇಕೆಂಬ ಆಸೆಯಿಂದ ಸಣ್ಣ ಸಣ್ಣ ಮುದ್ರಣಾಲಯಗಳು ಹುಟ್ಟಿದವು. ಇಂಗ್ಲೆಂಡಿನ ವಿಲಿಯಂ ಮಾರಿಸ್ 1891ರಲ್ಲಿ ಕೆಲ್ಮ್‌ಸ್ಕಾಟ್ ಮುದ್ರಣಾಲಯ ತೆರೆದ. 1896ರಲ್ಲಿ ಅಲ್ಲಿಂದ ಬಂದ ಕವಿ ಚಾಸರನ ಕೃತಿಗಳ ಸಂಪುಟದಲ್ಲಿ 87 ಮರದಚ್ಚಿನ ಚಿತ್ರಗಳಿದ್ದವು. ಕಾಗದದ ಮೇಲೆ 425 ಪ್ರತಿ, ಚರ್ಮದ ಹಾಳೆಯ ಮೇಲೆ 13 ಪ್ರತಿ, ಅಷ್ಟೇ. ಮಾರಿಸ್ ಸಮಾಜವಾದಿ. ದುಡಿಯುವವನ ಮನೆಯಲ್ಲೂ ಸೌಂದರ್ಯ ಇರಬೇಕು ಎಂದು ಜೀವನವಿಡೀ ಸಾರಿದವನು. ಆದರೆ ಅವನ ಪುಸ್ತಕವನ್ನು ದುಡಿಯುವವರು ಕೊಳ್ಳುವಂತಿರಲಿಲ್ಲ. ಕೈಕೆಲಸಕ್ಕೆ ನ್ಯಾಯವಾದ ಕೂಲಿ ಕೊಟ್ಟರೆ ಪುಸ್ತಕ ದುಬಾರಿಯಾಗುತ್ತದೆ. ಅಗ್ಗವಾಗಿ ಮಾಡಹೊರಟರೆ ಕೆಲಸಗಾರನಿಗೆ ಅನ್ಯಾಯವಾಗುತ್ತದೆ. ಈ ಇಕ್ಕಟ್ಟು ಅವನಿಗೆ ಬಿಡಿಸಲಾಗದೆ ಉಳಿಯಿತು. ಅವನನ್ನು ದೂಷಿಸುವುದು ಸುಲಭ. ನಾವಾದರೂ ಬಿಡಿಸಿದ್ದೇವೆಯೇ?

ಅಂದು ಮೇಷ್ಟ್ರು ನನ್ನನ್ನು ಕರೆದದ್ದು ಚಿತ್ರ ತೋರಿಸುವುದಕ್ಕಷ್ಟೇ ಆಗಿರಲಿಲ್ಲ. ಪುಸ್ತಕಗಳನ್ನು ಮತ್ತೆ ಸುತ್ತಿಡುತ್ತಾ ತಲೆ ತಗ್ಗಿಸಿಕೊಂಡೇ ಹೇಳಿದರು. ಬಹಳ ವರ್ಷಗಳ ಹಿಂದೆ ಮಗಳ ಆಸ್ಪತ್ರೆಯ ಖರ್ಚಿಗೆ ಹೆಂಡತಿಯ ಬಳೆ ಅಡ ಇಟ್ಟಿದ್ದರಂತೆ. ಬಿಡಿಸಲು ಕೂಡಿಟ್ಟ ಹಣ ಜೇಬಿನಲ್ಲಿದ್ದಾಗ ಬೆಂಗಳೂರಿನಲ್ಲಿ ಈ ಪುಸ್ತಕಗಳಲ್ಲೊಂದು ಕಣ್ಣಿಗೆ ಬಿತ್ತು. ಹಣ ಅಲ್ಲಿ ಹೋಯಿತು. ಬಳೆ ಬಿಡಿಸಿಕೊಳ್ಳುವ ಗಡುವು ಮೀರಿ ಅದು ಹರಾಜಾಯಿತು.

"ನೀವು ಪಾಪ ಪುಣ್ಯ ಓದಿದೋರು. ಇದು ಪಾಪ ಅಲ್ವೇನ್ರಿ ಫಾದರ್? ಇವನ್ನೆಲ್ಲ ಮಾರಿಬಿಡ್ಲಾ?"

ನನ್ನ ಬಾಯಿಂದ ಒಡನೆ ಬಂದ ಮಾತು, "ಮಾರಬೇಡಿ ಮೇಷ್ಟ್ರೇ. ಬೇಕಾದರೆ ನಮ್ಮ ಚರ್ಚಿಗೆ ಕೊಡಿ, ಜೋಪಾನವಾಗಿ ಇಡುತ್ತೇವೆ."

ಆ ರಾತ್ರಿ ಆತ್ಮಪರಿಶೋಧನೆಗೆ ಕುಳಿತಾಗ ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಚರ್ಚಿನ ಯಾವ ಜಾಗದಲ್ಲಿ ಇಡುತ್ತಿದ್ದೆ? ನಿಜ ಹೇಳಬೇಕೆಂದರೆ ನನ್ನ ಓದುವ ಮೇಜಿನ ಮೇಲೆ. ಅವರು ಒಂದು ದೊಡ್ಡ ನೋವನ್ನು ನನ್ನ ಮುಂದೆ ಇಟ್ಟಾಗ ನನ್ನ ಮನಸ್ಸು ಪುಸ್ತಕದ ಮೇಲಿತ್ತು. ಆಗ ನೆನಪಾದದ್ದು ಬೆಥಾನಿಯದ ಮನೆ. ಯೊವಾನ್ನರ ಶುಭಸಂದೇಶದ 12ನೆಯ ಅಧ್ಯಾಯದಲ್ಲಿ ಮರಿಯಳು ಅಮೂಲ್ಯವಾದ ಸುಗಂಧ ತೈಲವನ್ನು ಯೇಸುವಿನ ಪಾದಗಳಿಗೆ ಹಚ್ಚುತ್ತಾಳೆ. ಇದನ್ನು ಮುನ್ನೂರು ದೆನಾರಿಗೆ ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಯೂದ ಇಸ್ಕರಿಯೋತನು ಆಕ್ಷೇಪಿಸುತ್ತಾನೆ. ಒಂದು ದೆನಾರಿ ಒಬ್ಬ ಕೂಲಿಯಾಳಿನ ಒಂದು ದಿನದ ಸಂಬಳ. ಹಾಗಾಗಿ ಅದು ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆಯ ಬೆಲೆ. ಯೂದನ ಲೆಕ್ಕ ಸರಿಯಾಗಿಯೇ ಇತ್ತು, ಉದ್ದೇಶ ಸರಿಯಿರಲಿಲ್ಲ. ಅವನು ಬಡವರ ಹೆಸರು ಹೇಳಿದ. ನಾನು ಚರ್ಚಿನ ಹೆಸರು ಹೇಳಿದೆ.

ಗುರುಗಳಿಗೂ ಈ ಹುಚ್ಚು ಹೊಸದೇನಲ್ಲ. ಫ್ರಾನ್ಸಿನ ಮರೋಲ್ ಎಂಬ ಗುರು ಅಚ್ಚಿನ ಚಿತ್ರಗಳನ್ನು ಲಕ್ಷಕ್ಕೂ ಮೀರಿ ಕೂಡಿಸಿ 1667ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯ ಗ್ರಂಥಾಲಯಕ್ಕೆ ಮಾರಿದರು. ಮಾರಿ ಸುಮ್ಮನಾದರೇ? ಮತ್ತೆ ಮೊದಲಿನಿಂದ ಎರಡನೆಯ ಸಂಗ್ರಹ ಶುರುಮಾಡಿದರು! ಆದರೆ ಅವರು ಕೂಡಿಸಿದ್ದರಿಂದಲೇ ಆ ಚಿತ್ರಗಳು ಇಂದು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಎಲ್ಲರಿಗೂ ಉಳಿದಿವೆ. ಅಮೆರಿಕಕ್ಕೆ ಹಡಗು ನಡೆಸಿದ ಕೊಲಂಬಸನ ಮಗ ಹೆರ್ನಾಂಡೋ ಕೂಡ ಮೂರು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಕೂಡಿಸಿ ಒಂದೊಂದನ್ನೂ ವಿವರವಾಗಿ ಪಟ್ಟಿ ಮಾಡಿಸಿದ್ದ. 1539ರಲ್ಲಿ ಅವನು ತೀರಿಕೊಂಡ. ಮುಂದೆ ನೋಡಿಕೊಳ್ಳುವವರಿಲ್ಲದೆ ಚಿತ್ರಗಳೆಲ್ಲ ಚದುರಿ ಹೋದವು. ಉಳಿದದ್ದು ಪಟ್ಟಿ ಮಾತ್ರ. ಹಾಗಾಗಿ ಕೂಡಿಡುವವನನ್ನು ಒಂದೇ ಮಾತಿನಲ್ಲಿ ದುರಾಸೆಯವನು ಎನ್ನಲಾಗದು. ಹುಳ, ನೀರು, ಬೆಂಕಿಗಳಿಂದ ಕಾಪಾಡುವುದೂ ಒಂದು ಸೇವೆಯೇ.

ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ಸಂತ ತೋಮಸ್ ಅಕ್ವಿನಾಸರು ಇಲ್ಲಿ ನಮಗೆ ದಾರಿ ತೋರಿಸುತ್ತಾರೆ. ಆಸ್ತಿಯ ವಿಷಯದಲ್ಲಿ ಅವರು ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡುತ್ತಾರೆ. ಒಂದು, ವಸ್ತುವನ್ನು ಸಂಪಾದಿಸಿ ನಿರ್ವಹಿಸುವುದು. ಇದನ್ನು ಮನುಷ್ಯ ತನ್ನದೆಂದು ಮಾಡಬಹುದು, ತನ್ನದಾದರೆ ಚೆನ್ನಾಗಿಯೂ ನೋಡಿಕೊಳ್ಳುತ್ತಾನೆ. ಇನ್ನೊಂದು, ಅದರ ಬಳಕೆ. ಬಳಕೆಯಲ್ಲಿ ಅದನ್ನು ಎಲ್ಲರದೆಂದು ಭಾವಿಸಿ, ಅಗತ್ಯವಿದ್ದವರಿಗೆ ಹಂಚಲು ಸಿದ್ಧನಿರಬೇಕು. ಎರಡನೆಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಲೋಕದ ಸಂಪತ್ತೆಲ್ಲ ಎಲ್ಲ ಮನುಷ್ಯರಿಗಾಗಿ ಇದೆ ಎಂಬ ಈ ಬೋಧನೆಯನ್ನು ಎತ್ತಿಹಿಡಿಯಿತು. ಮುಂದಿನ ಭೇಟಿಯಲ್ಲಿ ಇದನ್ನು ಮೇಷ್ಟ್ರಿಗೆ ಹೇಳಿದಾಗ ಅವರು ತಲೆಯಾಡಿಸಿ, "ನಮ್ಮಲ್ಲಿ ಇದನ್ನೇ ದಾಸೋಹ ಅಂತೀವಿ" ಎಂದರು.

ನಂದಿಗುಡಿಯ ಸುತ್ತಲಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ಗದ್ದೆಯವನು ನಾಲೆಯ ನೀರು ಹಿಡಿದಿಟ್ಟರೆ ಕೊನೆಭಾಗದವನ ಪೈರು ಒಣಗುತ್ತದೆ. ಮೇಲಿನವನು ನೀರು ಬಳಸುವುದು ತಪ್ಪಲ್ಲ. ತನ್ನ ಪಾಲು ಮುಗಿದ ಮೇಲೂ ತೂಬು ತಿರುಗಿಸದಿರುವುದು ತಪ್ಪು.

ಆ ಎರಡನೆಯ ಭೇಟಿಯಲ್ಲಿ ನಾನು ಚರ್ಚಿಗೆ ಕೊಡಿ ಎಂದದ್ದಕ್ಕೆ ಕ್ಷಮೆ ಕೇಳಿದೆ. "ಬಳೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನಲ್ಲ ಮೇಷ್ಟ್ರೇ. ಅಮ್ಮನವರನ್ನು ಕೇಳಿದ್ದೀರಾ?" ಎಂದೆ. ಕೇಳಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಅಮ್ಮನೇ ಮಾತಾಡಿದರು.

"ನಮ್ಮವ್ವ ಕೊಟ್ಟ ಬಳೆ ಅವು. ಹೋದಾಗ ಅತ್ತಿದ್ದೆ ಫಾದರ್. ಅದು ಈಗ ಹಳೇದಾತು. ಆದ್ರೆ ಮೂವತ್ತು ವರ್ಷದಾಗ ಒಂದಿನಾನೂ ಆ ಪೆಟ್ಟಿಗಿ ತೆಗೆದು, ಬಾರೆ, ನೋಡು ಅಂತ ನನಗ ತೋರಿಸಲಿಲ್ಲ. ನಿನಗೇನು ತಿಳೀತದ ಅಂದ್ಕಂಡ್ರು. ಅದು ಮಾತ್ರ ಹಳೇದಾಗಿಲ್ಲ."

ಪ್ರಿಯ ಓದುಗರೇ, ಅಕ್ವಿನಾಸರ ಪಾಠ ನನಗೆ ಅಂದು ಸರಿಯಾಗಿ ಅರ್ಥವಾಯಿತು. ಮೇಷ್ಟ್ರ ತಪ್ಪು ಎರಡು. ಇನ್ನೊಬ್ಬರಿಗೆ ಸಲ್ಲಬೇಕಾದ ಹಣದಲ್ಲಿ ಕೊಂಡದ್ದು ಒಂದು. ಕೊಂಡದ್ದನ್ನು, ಯಾರ ಹಣದಿಂದ ಅದು ಬಂತೋ ಅವರ ಕಣ್ಣಿಗೇ ಮುಚ್ಚಿಟ್ಟದ್ದು ಇನ್ನೊಂದು. ಬೆಥಾನಿಯದ ಮರಿಯಳು ಸುರಿದ ತೈಲ ಅವಳದೇ ಆಗಿತ್ತು, ಅದರ ಪರಿಮಳ ಮನೆಯಲ್ಲೆಲ್ಲ ತುಂಬಿತು. ಇಲ್ಲಿ ತೈಲ ಹೆಂಡತಿಯದು, ಪರಿಮಳ ಪೆಟ್ಟಿಗೆಯೊಳಗೇ ಉಳಿಯಿತು.

ಆ ಸಂಜೆ ಮೇಷ್ಟ್ರು ಪುಸ್ತಕಗಳನ್ನು ಜಗಲಿಗೆ ತಂದರು. ಅಮ್ಮ ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು ಕುಳಿತರು. ಮೇಷ್ಟ್ರು ಒಂದೊಂದೇ ಪುಟ ತಿರುಗಿಸಿದರು. ಚಿಕ್ಕ ಪಾಡುಗಳ ಕೊನೆಗೆ, ಪುನರುತ್ಥಾನಗೊಂಡ ಯೇಸು ಮಗ್ದಲದ ಮರಿಯಳಿಗೆ ಕಾಣಿಸಿಕೊಳ್ಳುವ ಚಿತ್ರವಿದೆ. ಮರಿಯಳು ಅವರನ್ನು ತೋಟಗಾರನೆಂದು ಭಾವಿಸಿದಳಲ್ಲ, ಡ್ಯೂರರ್ ಹಾಗೆಯೇ ಚಿತ್ರಿಸಿದ್ದಾನೆ: ತಲೆಗೆ ಅಗಲವಾದ ಟೋಪಿ, ಕೈಯಲ್ಲಿ ಗುದ್ದಲಿಯಂಥ ಸಲಿಕೆ. ಅಮ್ಮ ಅದನ್ನು ಬಹಳ ಹೊತ್ತು ನೋಡಿದರು. "ಇವರು ನೀರು ಕಟ್ಟಾಕೆ ಹೊಂಟೋರ ಹಂಗ ಅದಾರಲ್ರೀ" ಎಂದರು. ಮೇಷ್ಟ್ರು ಸುಮ್ಮನೆ ಅವರ ಮುಖ ನೋಡಿದರು. ಅವರು ಮೂವತ್ತು ವರ್ಷ ಆ ಚಿತ್ರದ ಗೆರೆಗಳನ್ನು ನೋಡಿದ್ದರು. ಆ ಸಲಿಕೆಯನ್ನು ಗದ್ದೆಯ ಸಲಿಕೆಯೆಂದು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ತೆರೆದಿಟ್ಟ ಪುಸ್ತಕ ಯಾರಲ್ಲಿ ಏನನ್ನು ಹುಟ್ಟಿಸುತ್ತದೆ ಎಂದು ಮೊದಲೇ ಹೇಳಲಾಗದು. 1580ರಲ್ಲಿ ಯೇಸುಸಭೆಯ ಗುರುಗಳು ಫತೇಪುರ್ ಸಿಕ್ರಿಗೆ ಹೋಗಿ ಅಕ್ಬರ್ ಬಾದಶಹನಿಗೆ ಆಂಟ್‌ವರ್ಪ್‌ನಲ್ಲಿ ಮುದ್ರಿತವಾದ ದೊಡ್ಡ ಬೈಬಲಿನ ಸಂಪುಟಗಳನ್ನು ಒಪ್ಪಿಸಿದರು. ಅಂಥ ಪುಸ್ತಕಗಳೂ ಅಚ್ಚಿನ ಚಿತ್ರಗಳೂ ಆಸ್ಥಾನದ ಚಿತ್ರಕಾರರ ಕೈಗೆ ಬಂದವು. 1600ರ ಸುಮಾರಿಗೆ ಅಬುಲ್ ಹಸನ್ ಎಂಬ ಹುಡುಗ, ಇನ್ನೂ ತನ್ನ ಹದಿಮೂರನೆಯ ವರ್ಷದಲ್ಲಿ, ಶಿಲುಬೆಯ ಬುಡದಲ್ಲಿ ನಿಂತ ಸಂತ ಯೊವಾನ್ನರನ್ನು ಡ್ಯೂರರನ ಚಿತ್ರ ನೋಡಿ ಬರೆದ. ಅದು ಇಂದಿಗೂ ಆಕ್ಸ್‌ಫರ್ಡಿನ ವಸ್ತುಸಂಗ್ರಹಾಲಯದಲ್ಲಿದೆ. ಯಾರೋ ಆ ಹುಡುಗನ ಮುಂದೆ ಹಾಳೆ ಬಿಡಿಸಿದ್ದರಿಂದ ಅದು ಸಾಧ್ಯವಾಯಿತು. ನಮ್ಮ ರಾಜ್ಯದಲ್ಲೇ, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರದ ಗೋಡೆಗಳಲ್ಲಿ ಇಟಲಿಯ ಬ್ರದರ್ ಆಂಟೋನಿಯೋ ಮೊಸ್ಕೇನಿ 1901ರ ಹೊತ್ತಿಗೆ ಮುಗಿಸಿದ ಚಿತ್ರಗಳನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಅವನ್ನು ನೋಡಿದ ವಿದ್ಯಾರ್ಥಿಗಳೆಷ್ಟೋ ಮಂದಿ.

ಈಗ ಇವೆಲ್ಲ ಮೊಬೈಲಿನಲ್ಲೇ ಸಿಗುತ್ತವಲ್ಲ ಫಾದರ್ ಎಂದು ಯುವಕರು ಕೇಳಬಹುದು. ಸಿಗುತ್ತವೆ, ಸಂತೋಷ. ದೊಡ್ಡ ವಸ್ತುಸಂಗ್ರಹಾಲಯಗಳು ಡ್ಯೂರರನ ಚಿತ್ರಗಳನ್ನು ಅಂತರಜಾಲದಲ್ಲಿ ಉಚಿತವಾಗಿ ತೋರಿಸುತ್ತಿವೆ. ಹಾಗೆ ತೂಬು ತೆರೆದವರಿಗೆ ನಾವು ಕೃತಜ್ಞರಾಗಿರಬೇಕು. ಆದರೆ ನಂದಿಗುಡಿಯ ಜಗಲಿಯಲ್ಲಿ ನಡೆದದ್ದಕ್ಕೆ ಪುಸ್ತಕದ ಜೊತೆಗೆ, ಪಕ್ಕದಲ್ಲಿ ಕುಳಿತು ಪುಟ ತಿರುಗಿಸುವವರೊಬ್ಬರು ಬೇಕಾಗಿತ್ತು.

ಮೇಷ್ಟ್ರು ಪುಸ್ತಕಗಳನ್ನು ಮಾರಲಿಲ್ಲ. ಬಳೆಯ ಹಣ ಹೋದ ಆ ಒಂದನ್ನು ಮಾತ್ರ ಮಾರಿ ಅಮ್ಮನಿಗೆ ಬಳೆ ಮಾಡಿಸಲು ಹೊರಟರು. ಅಮ್ಮ ಬೇಡವೆಂದರು, ಆ ಪುಸ್ತಕ ತನ್ನದೆಂದರು. ತವರಿನ ಬಳೆಯಂತೂ ಮರಳಿ ಬರಲಿಲ್ಲ. ಕೆಲವು ನಷ್ಟಗಳನ್ನು ಪಶ್ಚಾತ್ತಾಪವೂ ತುಂಬಿಕೊಡಲಾರದು, ಅದನ್ನು ಒಪ್ಪಿಕೊಂಡೇ ಬದುಕಬೇಕು. ಈಗ ಭಾನುವಾರದ ಮಧ್ಯಾಹ್ನ ಬೀದಿಯ ಮಕ್ಕಳು ಕೈ ತೊಳೆದುಕೊಂಡು ಆ ಜಗಲಿಗೆ ಬರುತ್ತಾರೆ. ಪೆಟ್ಟಿಗೆಯ ಬೀಗದ ಕೈ ಅಮ್ಮನ ಹತ್ತಿರ ಇದೆ.

ನಮ್ಮ ಮನೆಗಳಲ್ಲೂ ಇಂಥ ಪೆಟ್ಟಿಗೆಗಳಿವೆ. ಪುಸ್ತಕವೇ ಆಗಬೇಕೆಂದಿಲ್ಲ. ನೆಂಟರು ಬಂದರೂ ಹೊರಗೆ ತೆಗೆಯದ ಪಿಂಗಾಣಿ ತಟ್ಟೆಗಳು, ಯಾರಿಗೂ ನುಡಿಸಲು ಕೊಡದ ಅಪ್ಪನ ಪಿಟೀಲು, ಗಾಜಿನ ಕಪಾಟಿನಲ್ಲಿ ಕುಳಿತ ಪುಸ್ತಕಗಳು. ಗಂಡ ಹೆಂಡತಿ ಮಕ್ಕಳು ಒಟ್ಟಿಗೆ ಕುಳಿತು ಮೂರು ಪ್ರಶ್ನೆ ಕೇಳಿಕೊಳ್ಳಬಹುದು. ಇದನ್ನು ಕೊಳ್ಳುವಾಗ ಮನೆಯಲ್ಲಿ ಯಾರ ಪಾಲು ಕಡಿಮೆಯಾಯಿತು? ಇದನ್ನು ಯಾರು ಯಾರು ನೋಡಿದ್ದಾರೆ, ಮುಟ್ಟಿದ್ದಾರೆ? ನಾಳೆ ಇದನ್ನು ಬಿಟ್ಟುಕೊಡಬೇಕಾಗಿ ಬಂದರೆ ಕೊಡಲು ನನ್ನಿಂದ ಆದೀತೇ? ಮೂರನೆಯದು ನನಗೆ ಇನ್ನೂ ಕಷ್ಟದ ಪ್ರಶ್ನೆಯೇ. ಆ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಆ ಪೆಟ್ಟಿಗೆಯ ಕಡೆಗೇ.

ಮೊದಲಿಗೆ ಸುಲಭವಾದದ್ದೊಂದನ್ನು ಮಾಡೋಣ. ಪ್ರಾರ್ಥನೆ ಪುಸ್ತಕದಲ್ಲಿರುವ ಆ ಹಳೆಯ ಚಿತ್ರಪಟಗಳನ್ನು ಈ ಭಾನುವಾರ ಹೊರಗೆ ತೆಗೆಯಿರಿ. ಮನೆಯ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದು ಯಾರ ಚಿತ್ರ, ಯಾರು ಕೊಟ್ಟದ್ದು, ಯಾವಾಗ ಎಂದು ಹೇಳಿ. ಆಮೇಲೆ ಅದರಲ್ಲಿ ಒಂದನ್ನು, ನಿಮಗೆ ಬಹಳ ಇಷ್ಟವಾದದ್ದನ್ನೇ, ಆ ಮಗುವಿಗೆ ಕೊಟ್ಟುಬಿಡಿ.